ಬಾಸ್ಕೆಟ್‌ಬಾಲ್ ನಂಬಿ ಬದುಕಬಹುದೇ?

ಪ್ರಶ್ನೆ: ನಾವು ಕುಂದಾಪುರ ಕಡೆಯವರು. ಥಾಣೆ ಪೂರ್ವದ ಕೋಪರಿಯಲ್ಲಿ ನೆಲೆಸಿ ಇಪ್ಪತ್ತು ವರ್ಷ ದಾಟಿತು. ಯಜಮಾನರು ಹೋಟೆಲಿನಲ್ಲಿ ಮ್ಯಾನೇಜರ್. ಒಬ್ಬನೇ ಮಗ, ಹದಿನಾರು ವರ್ಷ, ಹನ್ನೊಂದನೇ ತರಗತಿ ಕಾಮರ್ಸ್. ಎತ್ತರ ಆರಡಿ ಎರಡಿಂಚು, ಶಾಲೆಯ ತಂಡದಲ್ಲಿ ಇವನಿಗಿಂತ ಎತ್ತರದವರಿಲ್ಲ. ಎಂಟನೇ ತರಗತಿಯಿಂದ ಬಾಸ್ಕೆಟ್‌ಬಾಲ್ ಹುಚ್ಚು, ಜಿಲ್ಲಾ ತಂಡಕ್ಕೂ ಆಡಿದ್ದಾನೆ. ಈಗ ‘ಪ್ರೊಫೆಷನಲ್ ಪ್ಲೇಯರ್ ಆಗ್ತೇನೆ, ಕಾಲೇಜು ಬೇಡ’ ಎನ್ನುತ್ತಿದ್ದಾನೆ. ಟೂರ್ನಮೆಂಟ್ ಒಂದರಲ್ಲಿ ಪರಿಚಯವಾದವರೊಬ್ಬರು ಅಮೆರಿಕದ ಶಾಲೆಯಲ್ಲಿ ಸೀಟು ಕೊಡಿಸುತ್ತೇನೆ, ಅಲ್ಲಿಂದ ಎನ್‌ಬಿಎ ಸೇರುವುದು ಸುಲಭ ಎಂದು ಎಂಟು ಲಕ್ಷ ಕೇಳಿದ್ದಾರೆ. ಮುಂಗಡ ಒಂದು ಲಕ್ಷ. ಊರಿನ ಜಾಗ ಮಾರಿ ಎಂದು ಮಗನ ಹಟ. ಯಜಮಾನರು ‘ಚೆಂಡು ಕುಟ್ಟಿದರೆ ಹೊಟ್ಟೆ ತುಂಬುತ್ತದಾ?’ ಎಂದು ಬೈದು ಅವನ ಶೂ ಎತ್ತಿಟ್ಟಿದ್ದಾರೆ. ಹತ್ತು ದಿನದಿಂದ ಅಪ್ಪ, ಮಗನ ನಡುವೆ ಮಾತಿಲ್ಲ. ಮೊಣಕಾಲು ನೋವೆಂದು ರಾತ್ರಿ ಮುಲಾಮು ಹಚ್ಚಿಕೊಳ್ಳುತ್ತಾನೆ, ಅಪ್ಪನಿಗೆ ಹೇಳಬೇಡ ಎನ್ನುತ್ತಾನೆ. ಬೆಂಗಳೂರಿನಲ್ಲಿರುವ ನನ್ನ ತಮ್ಮ ‘ಇಲ್ಲಿಗೆ ಕಳಿಸು ಅಕ್ಕ, ಇಲ್ಲಿ ಆಡಲಿ’ ಎನ್ನುತ್ತಾನೆ. ಯಾರ ಮಾತು ಕೇಳಲಿ?
– ಹೆಸರು ಬೇಡ, ಕೋಪರಿ

ಉತ್ತರ: ಪ್ರಿಯ ಸಹೋದರಿ,

ಮೊದಲು ಹಣದ ಮಾತು ಮುಗಿಸೋಣ. ಮುಂಗಡ ಕೊಡಬೇಡಿ. ಅಮೆರಿಕದ ಶಾಲೆಗೋ ಕಾಲೇಜಿಗೋ ಒಬ್ಬ ಆಟಗಾರ ನಿಜವಾಗಿಯೂ ಬೇಕಾದರೆ ಖರ್ಚನ್ನು ಅವರೇ ಹೊರುತ್ತಾರೆ, ಪತ್ರವೂ ಆ ಸಂಸ್ಥೆಯ ಹೆಸರಿನಲ್ಲೇ ಬರುತ್ತದೆ. ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್ 2010ರಲ್ಲಿ ಫ್ಲಾರಿಡಾದ ಐಎಂಜಿ ಅಕಾಡೆಮಿಗೆ ಹೋದದ್ದು ವಿದ್ಯಾರ್ಥಿವೇತನದ ಮೇಲೆ, ಜಮೀನು ಮಾರಿ ಅಲ್ಲ. ಏಳಡಿ ಎರಡಿಂಚಿನ ಆ ಹುಡುಗನನ್ನು 2015ರ ಎನ್‌ಬಿಎ ಡ್ರಾಫ್ಟಿನಲ್ಲಿ ಡಲ್ಲಾಸ್ ಮಾವೆರಿಕ್ಸ್ ತಂಡ 52ನೆಯವನಾಗಿ ಆರಿಸಿತು. ಭಾರತದಲ್ಲಿ ಹುಟ್ಟಿ ಆ ಆಯ್ಕೆ ಪಡೆದವರಲ್ಲಿ ಅವನೇ ಮೊದಲಿಗ. ಅಷ್ಟಾದರೂ ಎನ್‌ಬಿಎಯ ಒಂದೇ ಒಂದು ಲೀಗ್ ಪಂದ್ಯ ಆಡುವ ಅವಕಾಶ ಅವನಿಗೆ ಸಿಗಲಿಲ್ಲ. ಮುಂದೆ 2020ರಲ್ಲಿ ಉದ್ದೀಪನ ಮದ್ದಿನ ಪ್ರಕರಣದಲ್ಲಿ ಎರಡು ವರ್ಷದ ನಿಷೇಧ ಬಂತು. ಆಮೇಲೆ ಅಮೆರಿಕದಲ್ಲೇ ಕುಸ್ತಿಯ ರಿಂಗಿಗೆ ಇಳಿದ. ಎನ್‌ಬಿಎಯಲ್ಲಿ ಇರುವುದು 30 ತಂಡ, ತಂಡಕ್ಕೆ 15 ಪೂರ್ಣ ಕರಾರು. ಇಡೀ ಜಗತ್ತಿನ ಹುಡುಗರಿಗೆ ಒಟ್ಟು 450 ಜಾಗ. ಆ ದಾರಿ ಸುಲಭ ಎಂದು ಹೇಳುವವನ ಕೈಗೆ ನಿಮ್ಮ ಊರಿನ ಜಾಗ ಹೋಗಬಾರದು.

ಹಾಗಾದರೆ ಯಜಮಾನರು ಹೇಳಿದ್ದೇ ಸರಿಯೇ? ಅದೂ ಅಲ್ಲ. ನಮ್ಮ ದೇಶದಲ್ಲಿ ಬಾಸ್ಕೆಟ್‌ಬಾಲ್ ಆಡಿ ಸಂಸಾರ ಸಾಕಿದವರು ಸಾಕಷ್ಟು ಮಂದಿ ಇದ್ದಾರೆ. ಆದರೆ ಅವರಿಗೆ ಸಂಬಳ ಕೊಟ್ಟದ್ದು ಲೀಗ್ ಅಲ್ಲ, ಕಚೇರಿ. ರೈಲ್ವೆ, ಒಎನ್‌ಜಿಸಿ, ಸೇನೆ, ಪೊಲೀಸ್, ಕಸ್ಟಮ್ಸ್, ಬ್ಯಾಂಕುಗಳು ತಮ್ಮ ತಂಡಕ್ಕಾಗಿ ಆಟಗಾರರನ್ನು ಕೆಲಸಕ್ಕೆ ತೆಗೆದುಕೊಂಡವು. ಭಾರತ ತಂಡದ ನಾಯಕನಾಗಿದ್ದ, 2020ರ ಅರ್ಜುನ ಪ್ರಶಸ್ತಿ ಪಡೆದ ವಾರಾಣಸಿಯ ವಿಶೇಷ್ ಭೃಗುವಂಶಿ ಒಎನ್‌ಜಿಸಿ ನೌಕರ. ಆಸ್ಟ್ರೇಲಿಯಾದ ಕ್ಲಬ್ಬಿಗೆ ಆಡಿ ಬಂದ, ಅಮೆರಿಕದ ಮಹಿಳಾ ಲೀಗಿನ ಟ್ರಯಲ್ಸ್‌ವರೆಗೂ ಹೋದ ಕೇರಳದ ಗೀತು ಅನ್ನಾ ಜೋಸ್ ದಕ್ಷಿಣ ರೈಲ್ವೆಯವರು. ಬರೀ ಲೀಗ್ ನಂಬಿದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದೇವೆ. ಯುಬಿಎ ಲೀಗ್ 2015ರಲ್ಲಿ ಶುರುವಾಯಿತು; ಮುಂಬಯಿ, ಬೆಂಗಳೂರು ಎರಡರ ಹೆಸರಿನಲ್ಲೂ ತಂಡಗಳಿದ್ದವು; 2017ರ ನಂತರ ಅದು ನಡೆಯಲಿಲ್ಲ. 2022ರಲ್ಲಿ ಐಎನ್‌ಬಿಎಲ್ ಎಂಬ ಇನ್ನೊಂದು ಲೀಗ್ ಬಂತು. ಇಂಥ ಲೀಗುಗಳಲ್ಲಿ ಆಡಲಿ, ನಾಲ್ಕು ಕಾಸು ಬಂದರೆ ಒಳ್ಳೆಯದೇ. ಮನೆ ಬಾಡಿಗೆಯನ್ನು ಅದರ ಮೇಲೆ ಲೆಕ್ಕ ಹಾಕುವುದು ಬೇಡ.

ಈಗ ಮುಖ್ಯ ವಿಷಯ. ಇದನ್ನು ಮಗನನ್ನು ಎದುರಿಗೆ ಕೂರಿಸಿಕೊಂಡೇ ಓದಿ. ‘ಕಾಲೇಜು ಬೇಡ’ ಎಂಬ ಅವನ ಮಾತು ಅವನ ಆಟಕ್ಕೇ ಮುಳುವು. ರೈಲ್ವೆಯ ಪ್ರತಿ ವಲಯವೂ ಕ್ರೀಡಾ ಕೋಟಾದಲ್ಲಿ ಅರ್ಜಿ ಕರೆಯುತ್ತದೆ. ವಯಸ್ಸು 18ರಿಂದ 25, ಸಡಿಲಿಕೆ ಇಲ್ಲ. ಹನ್ನೆರಡನೇ ತರಗತಿ ಮಾತ್ರ ಮುಗಿಸಿದವನಿಗೆ 2 ಅಥವಾ 3ನೇ ಲೆವೆಲ್. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಮೂಲ ವೇತನ 19,900 ಅಥವಾ 21,700. ಪದವಿ ಇದ್ದು ಆಟದ ಸಾಧನೆಯೂ ಅದಕ್ಕೆ ತಕ್ಕಷ್ಟು ದೊಡ್ಡದಾದರೆ 4 ಅಥವಾ 5ನೇ ಲೆವೆಲ್, ಅಂದರೆ 25,500 ಅಥವಾ 29,200. ಆಯ್ಕೆಯ ನೂರು ಅಂಕಗಳಲ್ಲಿ 50 ಕ್ರೀಡಾ ಸಾಧನೆಗೆ, 40 ಟ್ರಯಲ್ಸ್‌ಗೆ, 10 ಓದಿಗೆ. ಟ್ರಯಲ್ಸ್‌ನಲ್ಲಿ 40ಕ್ಕೆ 25 ಬಾರದಿದ್ದರೆ ಉಳಿದದ್ದನ್ನು ನೋಡುವುದೇ ಇಲ್ಲ. ಸಾಧನೆಯೂ ತೀರಾ ಹಳೆಯದಾಗಿರಬಾರದು: ಆ ಹಣಕಾಸು ವರ್ಷ ಮತ್ತು ಅದರ ಹಿಂದಿನ ಎರಡು ವರ್ಷಗಳದ್ದಷ್ಟೇ ಲೆಕ್ಕಕ್ಕೆ. ಹದಿನಾರರಲ್ಲಿ ಜಿಲ್ಲೆಗೆ ಆಡಿದ ಸರ್ಟಿಫಿಕೇಟು ಇಪ್ಪತ್ತೆರಡರಲ್ಲಿ ಕೆಲಸ ಕೊಡಿಸುವುದಿಲ್ಲ ಎಂದಾಯಿತು. ಆ ವಯಸ್ಸಿನಲ್ಲಿ ದೊಡ್ಡ ವೇದಿಕೆಯಲ್ಲಿ ಆಡಬೇಕಾದರೆ ಎರಡೇ ದಾರಿ: ರಾಜ್ಯ ತಂಡ, ಇಲ್ಲವೇ ವಿಶ್ವವಿದ್ಯಾಲಯದ ತಂಡ. ಕಾಲೇಜಿನಲ್ಲಿ ಹೆಸರಿಲ್ಲದವನು ಮುಂಬಯಿ ವಿಶ್ವವಿದ್ಯಾಲಯಕ್ಕೆ ಆಡುವುದು ಹೇಗೆ? ಅಂತರ ವಿಶ್ವವಿದ್ಯಾಲಯ ಟೂರ್ನಿಯ ಬಾಗಿಲನ್ನು ಅವನೇ ಮುಚ್ಚಿಕೊಂಡಂತೆ. ಕಾಮರ್ಸ್ ಬಿಡುವುದು ಬೇಡ. ಅಂಕ ಅರವತ್ತು ಬಂದರೂ ಸರಿ, ಪದವಿ ಕೈಯಲ್ಲಿರಲಿ.

ಮಹಾರಾಷ್ಟ್ರ ಸರಕಾರದ ಕೆಲಸಗಳಲ್ಲೂ ಆಟಗಾರರಿಗೆ ಶೇಕಡಾ 5 ಮೀಸಲಾತಿ ಇದೆ. ಅಲ್ಲಿ ಪ್ರಮಾಣಪತ್ರವನ್ನು ಕ್ರೀಡಾ ಇಲಾಖೆ ಪರಿಶೀಲಿಸಿ ದೃಢಪಡಿಸಬೇಕು. ಅದಕ್ಕಾಗಿ ಪ್ರತಿ ಟೂರ್ನಮೆಂಟಿನ ಸರ್ಟಿಫಿಕೇಟು, ತಂಡದ ಪಟ್ಟಿ ಎಲ್ಲವನ್ನೂ ಒಂದೇ ಫೈಲಿನಲ್ಲಿ ಜೋಪಾನ ಮಾಡಿ. ಹೆಸರು, ಹುಟ್ಟಿದ ತಾರೀಕು ಎಲ್ಲದರಲ್ಲೂ ಒಂದೇ ರೀತಿ ಇರಲಿ. ನಮ್ಮವರಲ್ಲಿ ಶಾಲೆಯ ದಾಖಲೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಊರಿನ ಹೆಸರು ಸೇರಿಸಿದ ಇನ್ನೊಂದು ಹೆಸರು ಇರುವುದು ಸಾಮಾನ್ಯ, ಈಗಲೇ ಸರಿಪಡಿಸಿಕೊಳ್ಳಿ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಮಾತು: ಶಾಲೆಯಲ್ಲಿ ಇವನಿಗಿಂತ ಎತ್ತರದವರಿಲ್ಲ. ಹಾಗಿದ್ದರೆ ಅವನನ್ನು ಬಾಸ್ಕೆಟಿನ ಕೆಳಗೇ ನಿಲ್ಲಿಸಿ ಆಡಿಸುತ್ತಿರಬೇಕು. ರೀಬೌಂಡ್ ಹಿಡಿ, ಅಲ್ಲಿಂದಲೇ ಎತ್ತಿ ಹಾಕು. ಶಾಲೆ ಗೆಲ್ಲುತ್ತದೆ, ಹುಡುಗ ಹಿಂದೆ ಬೀಳುತ್ತಾನೆ. ಯಾಕೆಂದರೆ ರಾಷ್ಟ್ರಮಟ್ಟದಲ್ಲಿ ಆ ಜಾಗದಲ್ಲಿ ನಿಲ್ಲುವವರು ಅಮ್ಜ್ಯೋತ್ ಸಿಂಗ್, ಅಮೃತ್‌ಪಾಲ್ ಸಿಂಗ್ ಅವರಂಥ ಆರೂವರೆ ಅಡಿ ಮೀರಿದವರು. ಆರಡಿ ಎರಡಿಂಚಿನವನು ಅಲ್ಲಿ ಗಾರ್ಡ್ ಆಗಿಯೇ ಆಡಬೇಕು. ಗಾರ್ಡ್‌ಗೆ ಬೇಕಾದದ್ದು ಬೇರೆ: ತಲೆ ಎತ್ತಿಕೊಂಡು ಎರಡೂ ಕೈಯಲ್ಲಿ ಡ್ರಿಬಲ್, ಒತ್ತಡದಲ್ಲಿ ಪಾಸ್, 6.75 ಮೀಟರ್ ದೂರದ ಮೂರು ಅಂಕದ ಗೆರೆಯ ಆಚೆಯಿಂದ ಶೂಟಿಂಗ್. ನಾಳೆ ಸಂಜೆ ಕೋರ್ಟಿಗೆ ಹೋಗಿ ಒಂದು ಅರ್ಧ ಗಂಟೆ ನೋಡಿ. ಎಡಗೈಯಲ್ಲಿ ಚೆಂಡು ಒಯ್ಯುವಾಗ ಕಣ್ಣು ಚೆಂಡಿನ ಮೇಲಿದೆಯೇ, ಎದುರಿನವನ ಮೇಲಿದೆಯೇ ಎಂಬುದು ಆಟ ತಿಳಿಯದವರಿಗೂ ಕಾಣುತ್ತದೆ. ಚೆಂಡಿನ ಮೇಲೇ ಇದ್ದರೆ ಅವನಿಗೆ ಮಾಡಲು ಎರಡು ವರ್ಷದ ಕೆಲಸವಿದೆ. ಕೋಚ್ ಹತ್ತಿರ ಹೋಗಿ, ‘ಸರ್, ಇವನನ್ನು ಗಾರ್ಡ್ ಆಗಿ ತಯಾರು ಮಾಡಿ’ ಎಂದು ನೀವೇ ಕೇಳಿ. ಅಮೆರಿಕದ ಸೀಟಿಗಿಂತ ಈ ಒಂದು ಬದಲಾವಣೆ ಅವನಿಗೆ ಹೆಚ್ಚು ಉಪಕಾರ ಮಾಡುತ್ತದೆ.

ಒಳ್ಳೆಯ ಆಟ ನೋಡಲು, ತನ್ನ ಮಟ್ಟ ತಿಳಿಯಲು ದೂರ ಹೋಗಬೇಕಿಲ್ಲ. ಥಾಣೆಯಿಂದ ಫಾಸ್ಟ್ ಲೋಕಲ್ ಹಿಡಿದರೆ ಬೈಕಲಾ. ಅಲ್ಲಿಂದ ನಾಗಪಾಡಾ ಹತ್ತಿರ. ಇಕ್ಕಟ್ಟಿನ ಆ ಮೊಹಲ್ಲಾದ ಮಸ್ತಾನ್ ವೈಎಂಸಿಎ ಸುತ್ತಮುತ್ತಲ ಕೋರ್ಟುಗಳಿಂದ ಎಷ್ಟೋ ಮಂದಿ ದೇಶಕ್ಕೆ ಆಡಿದ್ದಾರೆ. ಭಾರತ ತಂಡದ ನಾಯಕರಾಗಿದ್ದ, 1970ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಅಬ್ಬಾಸ್ ಮುಂತಸಿರ್ ಅಲ್ಲಿಯವರೇ. ಶ್ರೀಮಂತರ ಮಕ್ಕಳಲ್ಲ ಇವರೆಲ್ಲ. ಆಟದ ಬಲದಿಂದ ನೌಕರಿ ಹಿಡಿದವರು. ಒಂದು ಭಾನುವಾರ ಅಪ್ಪ, ಮಗ ಇಬ್ಬರನ್ನೂ ಅಲ್ಲಿಗೆ ಕಳಿಸಿ. ಯಜಮಾನರು ಅಲ್ಲಿನ ಹಿರಿಯರನ್ನು ಮಾತಾಡಿಸಲಿ. ನನ್ನ ಅಂಕಣಕ್ಕಿಂತ ಅವರ ಮಾತು ಇವರಿಗೆ ಬೇಗ ನಾಟುತ್ತದೆ.

ಯಜಮಾನರ ಬಗ್ಗೆಯೂ ಒಂದು ಮಾತು. ಹೋಟೆಲಿನಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ನಿಂತು ದುಡಿದವರಿಗೆ ಮಗ ನೆಲೆ ಕಾಣದೆ ಹೋದಾನೆಂಬ ಹೆದರಿಕೆ ಇರುವುದು ಸಹಜ. ಬೈಗುಳದ ಒಳಗಿರುವುದು ಆ ಹೆದರಿಕೆಯೇ. ಆದರೂ ಶೂ ಎತ್ತಿಟ್ಟದ್ದು ಸರಿಯಾಗಲಿಲ್ಲ. ಹದಿನಾರರ ಹುಡುಗನಿಗೆ ಅದು ‘ನೀನು ಯಾತಕ್ಕೂ ಬೇಡ’ ಎಂದು ಕೇಳಿಸುತ್ತದೆ. ಅವರೇ ಅದನ್ನು ಹೊರಗೆ ತಂದು ಕೊಡಲಿ; ಜತೆಗೆ ಮೇಲಿನ ಸಂಬಳದ ಲೆಕ್ಕವನ್ನೂ ಮುಂದಿಡಲಿ. ಕರಾರು ಇಷ್ಟೇ ಇರಲಿ: ಹಾಜರಿ ತಪ್ಪಬಾರದು, ಪರೀಕ್ಷೆ ಬಿಡಬಾರದು, ಸಂಜೆಯ ಅಭ್ಯಾಸಕ್ಕೆ ಮನೆಯವರು ಅಡ್ಡ ಬರಬಾರದು.

ತಮ್ಮನ ಸಲಹೆ ಪ್ರೀತಿಯದು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಒಳ್ಳೆಯ ವಾತಾವರಣವಿದೆ, 2017ರ ಮಹಿಳಾ ಏಷ್ಯಾ ಕಪ್ ನಡೆದದ್ದೂ ಅಲ್ಲೇ. ಆದರೆ ಥಾಣೆ ಜಿಲ್ಲೆಯಲ್ಲಿ ಗುರುತಿಸಿಕೊಂಡ ಹುಡುಗ ಈಗ ರಾಜ್ಯ ಬದಲಿಸಿದರೆ ಎಲ್ಲವೂ ಮೊದಲಿಂದ. ಹನ್ನೆರಡನೇ ತರಗತಿ ಇಲ್ಲೇ ಮುಗಿಯಲಿ. ಮುಂದೆ ಕೆಲಸಕ್ಕೆ ಅರ್ಜಿ ಹಾಕುವಾಗ ಮುಂಬಯಿಯ ಮಧ್ಯ ರೈಲ್ವೆಗೂ ಹಾಕಬಹುದು, ಹುಬ್ಬಳ್ಳಿಯ ನೈರುತ್ಯ ರೈಲ್ವೆಗೂ ಹಾಕಬಹುದು.

ಅವನಿಗೆ ಇಪ್ಪತ್ಮೂರು ತುಂಬುವವರೆಗೆ ಕಾಯಿರಿ. ಅಷ್ಟರೊಳಗೆ ರಾಜ್ಯ ತಂಡವೋ ವಿಶ್ವವಿದ್ಯಾಲಯದ ತಂಡವೋ ಸಿಗದಿದ್ದರೆ ಪದವಿ ಹಿಡಿದು ಬೇರೆ ಕೆಲಸ ನೋಡಲಿ. ಶಾಲೆಗಳಿಗೆ ಕೋಚ್‌ಗಳೂ ಬೇಕು, ರೆಫರಿಗಳೂ ಬೇಕು.

ಮೊಣಕಾಲಿನ ಗುಟ್ಟನ್ನು ಮಾತ್ರ ಮುಚ್ಚಿಡಬೇಡಿ. ಬೆಳೆಯುವ ವಯಸ್ಸಿನಲ್ಲಿ ಸಿಮೆಂಟ್ ಕೋರ್ಟಿನ ಮೇಲೆ ಹಾರಿ ಹಾರಿ ಮೊಣಚಿಪ್ಪಿನ ಕೆಳಗೆ ನೋವು ಬರುವುದುಂಟು. ಹೆಚ್ಚಿನವು ವಿಶ್ರಾಂತಿ, ತೊಡೆಯ ವ್ಯಾಯಾಮದಿಂದ ವಾಸಿಯಾಗುತ್ತವೆ; ಮುಲಾಮು ಹಚ್ಚಿ, ಮಾತ್ರೆ ನುಂಗಿ ಆಡಿದರೆ ಬಲಿಯುತ್ತವೆ. ಜಿಮ್‌ನವರು ಕೊಡುವ ಪುಡಿ, ಗುಳಿಗೆ ಯಾವುದನ್ನೂ ವೈದ್ಯರನ್ನು ಕೇಳದೆ ಮುಟ್ಟದಿರಲಿ. ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ‘ಗೊತ್ತಿರಲಿಲ್ಲ’ ಎಂಬ ಉತ್ತರ ನಡೆಯುವುದಿಲ್ಲ. ಮುಂಗಡ ಕೇಳಿದವರಿಗೆ ಇವತ್ತೇ ಫೋನ್ ಮಾಡಿ ಬೇಡವೆನ್ನಿ. ಈ ವಾರವೇ ಮೂಳೆ ವೈದ್ಯರಿಗೆ ತೋರಿಸಿ, ಯಜಮಾನರನ್ನೂ ಜತೆಗೆ ಕರೆದುಕೊಂಡು ಹೋಗಿ.