ಸಿಂಪಿಯನ್ನು ಕೊಂದವರು ಯಾರು?

 

ಮಲೇರಿಯಾ ಬಗ್ಗೆ ನಾವೆಲ್ಲ ವಿಜ್ಞಾನ ಪಾಠದಲ್ಲಿ ಓದಿದ್ದೇವೆ. ಪ್ಲಾಸ್ಮೋಡಿಯಂ ಎಂಬ ಒಂದೇ ಜೀವಕೋಶದ ಜೀವಿ ನಮ್ಮ ರಕ್ತದೊಳಗೆ ಹೊಕ್ಕು, ಅಲ್ಲೇ ಉಂಡು, ಅಲ್ಲೇ ಮರಿ ಮಾಡುತ್ತದೆ. ಇಂಥ ಜೀವಿಗೆ ಪರಾವಲಂಬಿ ಅಂತ ಹೆಸರು. ಮನೆಗೆ ಬಂದು ಅನ್ನ ಉಂಡು ಕೊನೆಗೆ ಆ ಮನೆಯನ್ನೇ ಕೆಡವುವ ನೆಂಟ ಅಂದ್ರೂ ಸರಿಯೇ. ಸಮುದ್ರದಲ್ಲಿ ಕಲ್ಲಿನಂಥ ಚಿಪ್ಪು ಮುಚ್ಚಿಕೊಂಡು ಕೂತಿರುವ ಪ್ರಾಣಿಗೂ ಇಂಥ ನೆಂಟನ ಕಾಟ ಇದೆ ಅಂದ್ರೆ ನಂಬ್ತೀರಾ? ಏಡಿ, ಸಿಗಡಿ, ಲಾಬ್‌ಸ್ಟರ್, ಸಿಂಪಿ ಎಲ್ಲಕ್ಕೂ ಇದೆ. ಅದರಲ್ಲಿ ಸಿಂಪಿಯ ರೋಗದ ಬಗ್ಗೆ ಮಾತ್ರ ಇಲ್ಲಿ ಬರೆದಿದ್ದೇನೆ. ಯಾಕೆಂದರೆ ಇದರಲ್ಲಿ ಒಂದು ಪತ್ತೇದಾರಿ ಕಥೆಯೂ ಇದೆ.

ಸಿಂಪಿ ಅಂದ್ರೆ ಏನು?

ಎರಡು ಚಿಪ್ಪುಗಳ ನಡುವೆ ಇರುವ ಮೆತ್ತನೆಯ ಪ್ರಾಣಿಯೇ ಸಿಂಪಿ. ಇಂಗ್ಲಿಷಿನಲ್ಲಿ ಆಯ್‌ಸ್ಟರ್ ಅನ್ನುತ್ತಾರೆ. ಇದು ಮೃದ್ವಂಗಿಗಳ ಗುಂಪಿಗೆ ಸೇರಿದೆ. ನಮ್ಮ ಕರಾವಳಿಯ ಬಳಚು ಇದರ ಸಂಬಂಧಿ. ಸಿಂಪಿ ಒಂದು ಸಲ ಕಲ್ಲಿಗೋ ಬೇರೆ ಚಿಪ್ಪಿಗೋ ಅಂಟಿಕೊಂಡರೆ ಮತ್ತೆ ಏಳುವುದಿಲ್ಲ. ಹಾಗಾದರೆ ಊಟ? ಕಿವಿರಿನಿಂದ ನೀರನ್ನು ಒಳಗೆ ಎಳೆದು, ಅದರಲ್ಲಿರುವ ಸಣ್ಣ ಸಣ್ಣ ಪಾಚಿಗಳನ್ನು ಸೋಸಿ ತಿಂದು, ನೀರನ್ನು ಹೊರಗೆ ಬಿಡುತ್ತದೆ. ಅನುಕೂಲ ಇದ್ದರೆ ಬೆಳೆದ ಒಂದು ಸಿಂಪಿ ಒಂದು ದಿನಕ್ಕೆ ಸುಮಾರು 190 ಲೀಟರ್‌ವರೆಗೂ ನೀರು ಸೋಸಬಲ್ಲದು. 15 ಲೀಟರಿನ ಕೊಡದ ಲೆಕ್ಕದಲ್ಲಿ ಇದು 12 ಕೊಡಕ್ಕಿಂತ ಜಾಸ್ತಿ! ಆದ್ದರಿಂದ ಸಿಂಪಿ ಸತ್ತರೆ ಅದನ್ನು ಮಾರುವವರಿಗೆ ಮಾತ್ರ ನಷ್ಟ ಅಲ್ಲ, ನೀರು ಸೋಸುವವರೂ ಇಲ್ಲದಂತಾಗುತ್ತದೆ.

ಲೂಸಿಯಾನದಲ್ಲಿ ಏನಾಯಿತು?

ಅಮೆರಿಕದ ದಕ್ಷಿಣದಲ್ಲಿ ಮೆಕ್ಸಿಕೋ ಕೊಲ್ಲಿಯ ದಡದಲ್ಲಿ ಲೂಸಿಯಾನ ಎಂಬ ರಾಜ್ಯ ಇದೆ. ಮಿಸಿಸಿಪ್ಪಿ ನದಿ ಸಮುದ್ರ ಸೇರುವುದು ಅಲ್ಲೇ. ಅಲ್ಲಿನ ಜನ ನಾವು ಗದ್ದೆ ಮಾಡಿದ ಹಾಗೆ ನೀರಿನಲ್ಲಿ ಸಿಂಪಿ ಸಾಕುತ್ತಾರೆ. 1940ರ ನಂತರದ ವರ್ಷಗಳಲ್ಲಿ ಬೇಸಿಗೆ ಬಂತೆಂದರೆ ಸಿಂಪಿಗಳು ರಾಶಿ ರಾಶಿ ಸಾಯತೊಡಗಿದವು. ತೆಗೆದು ನೋಡಿದರೆ ಚಿಪ್ಪು ಬಾಯಿ ಬಿಟ್ಟಿರುತ್ತಿತ್ತು, ಒಳಗೆ ಖಾಲಿ. ಅದೇ ನೀರಿನಲ್ಲಿ ಕಂಪನಿಯವರು ಎಣ್ಣೆ ಬಾವಿ ತೋಡುತ್ತಿದ್ದರು. ಎಣ್ಣೆಯಿಂದಲೇ ನಮ್ಮ ಸಿಂಪಿ ಸತ್ತಿತು ಅಂತ ಸಾಕಣೆಯವರು ಕೋರ್ಟಿಗೆ ಹೋದರು. ಅವರು ಹಾಗೆ ತಿಳಿದದ್ದು ಸಹಜವೇ. ಕಣ್ಣಿಗೆ ಕಾಣುತ್ತಿದ್ದದ್ದು ಎಣ್ಣೆ ಬಾವಿ ಮಾತ್ರ.

1947ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ಸಂಶೋಧನಾ ಪ್ರತಿಷ್ಠಾನದ ವಿಜ್ಞಾನಿಗಳು ತನಿಖೆ ಶುರು ಮಾಡಿದರು. ಎಣ್ಣೆ ಬಾವಿ ಇಲ್ಲದ ದೂರದ ಕಡೆಯೂ ಸಿಂಪಿ ಸಾಯುತ್ತಿದ್ದದ್ದು ಅವರಿಗೆ ಕಂಡಿತು. ಸಾಯುವ ಸಿಂಪಿಯ ಮಾಂಸವನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಒಳಗೆ ದುಂಡನೆಯ ಸಣ್ಣ ಜೀವಿಗಳು ತುಂಬಿಕೊಂಡಿದ್ದವು. 1950ರಲ್ಲಿ ಮ್ಯಾಕಿನ್, ಓವೆನ್, ಕೊಲಿಯರ್ ಎಂಬ ಮೂವರು ಇದಕ್ಕೆ ಡರ್ಮೋಸಿಸ್ಟಿಡಿಯಂ ಮರೈನಂ ಎಂದು ಹೆಸರಿಟ್ಟರು. ಆಗ ಅದನ್ನು ಒಂದು ಶಿಲೀಂಧ್ರ ಅಂದುಕೊಂಡಿದ್ದರು. ಆಮೇಲೆ ಅದು ಶಿಲೀಂಧ್ರ ಅಲ್ಲ ಅಂತ ಗೊತ್ತಾಗಿ 1978ರಲ್ಲಿ ಪರ್ಕಿನ್ಸಸ್ ಮರೈನಸ್ ಎಂದು ಹೆಸರು ಬದಲಾಯಿತು. ಆದರೂ ರೋಗವನ್ನು ಈಗಲೂ ಹಳೆ ಹೆಸರಿನ ತುಂಡಿನಿಂದ 'ಡರ್ಮೋ' ಅಂತಲೇ ಕರೆಯುತ್ತಾರೆ.

ನಮ್ಮ ಅಯೋಡಿನ್ ಅಲ್ಲೂ ಇದೆ!

ಈ ತನಿಖೆಗೆ ಹಣ ಕೊಟ್ಟವರು ಎಣ್ಣೆ ಕಂಪನಿಯವರು. ಹಾಗಾದ್ರೆ ವಿಜ್ಞಾನಿಗಳು ಅವರ ಪರವಾಗಿ ಹೇಳಿರಬಹುದಲ್ಲಾ ಅಂತ ನೀವು ಕೇಳಬಹುದು. ಕೇಳಲೇಬೇಕು. ಅದಕ್ಕೇ ಯಾರು ಮಾಡಿದರೂ ಅದೇ ಉತ್ತರ ಬರುವಂಥ ಪರೀಕ್ಷೆ ಬೇಕು. 1952ರಲ್ಲಿ ಸ್ಯಾಮಿ ರೇ ಎಂಬ ವಿಜ್ಞಾನಿ ಅಂಥ ಒಂದು ಪರೀಕ್ಷೆ ಪ್ರಕಟಿಸಿದರು. ಅದು ಹೀಗಿದೆ:

1. ಸಿಂಪಿಯ ಒಂದು ಸಣ್ಣ ತುಂಡು ಮಾಂಸವನ್ನು ಪ್ರನಾಳದಲ್ಲಿ ಒಂದು ಬಗೆಯ ಪೋಷಕ ದ್ರವದಲ್ಲಿ ಹಾಕಬೇಕು.
2. ಕೆಲವು ದಿನ, ಸುಮಾರು ಒಂದು ವಾರ, ಕತ್ತಲಲ್ಲಿ ಇಡಬೇಕು. ಪರಾವಲಂಬಿ ಇದ್ದರೆ ಅದು ನೆನೆದ ಕಡಲೆ ಹಾಗೆ ಉಬ್ಬುತ್ತದೆ.
3. ತುಂಡನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ಅಯೋಡಿನ್ ದ್ರಾವಣ ಹಾಕಬೇಕು.
4. ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕಪ್ಪು ನೀಲಿ ಗುಂಡುಗಳು ಕಂಡರೆ ಡರ್ಮೋ ಇದೆ ಅಂತ ಅರ್ಥ.

ಎಲೆಯಲ್ಲಿ ಪಿಷ್ಟ ಇದೆಯೋ ಇಲ್ಲವೋ ನೋಡಲು ನಾವು ಹಾಕುವುದೂ ಅಯೋಡಿನ್ನೇ, ಬರುವುದೂ ಕಪ್ಪು ನೀಲಿ ಬಣ್ಣವೇ! ಆದರೆ ಇಲ್ಲಿ ಬಣ್ಣ ಹಿಡಿಯುವುದು ಉಬ್ಬಿದ ಪರಾವಲಂಬಿ. ಈ ಪರೀಕ್ಷೆಯನ್ನು ಮುಂದೆ ಬೇರೆ ಬೇರೆ ದೇಶದವರೂ ಮಾಡಿದರು, ಈಗಲೂ ಮಾಡುತ್ತಾರೆ.

ರೋಗ ಹೇಗೆ ಬರುತ್ತದೆ?

ಸಿಂಪಿ ನೀರು ಸೋಸುವಾಗ ಪಾಚಿಯ ಜೊತೆ ಪರಾವಲಂಬಿಯೂ ಒಳಗೆ ಬರುತ್ತದೆ. ಸಿಂಪಿಯ ರಕ್ತಕಣಗಳು ನಮ್ಮ ಬಿಳಿ ರಕ್ತಕಣಗಳ ಹಾಗೆ ಪೊಲೀಸ್ ಕೆಲಸ ಮಾಡುತ್ತವೆ. ಕಳ್ಳನನ್ನು ಹಿಡಿದು ನುಂಗುತ್ತವೆ. ಆದರೆ ಈ ಕಳ್ಳ ಪೊಲೀಸ್ ಠಾಣೆಯಲ್ಲೇ ಸಂಸಾರ ಹೂಡುತ್ತಾನೆ! ನುಂಗಿದ ರಕ್ತಕಣದ ಒಳಗೇ ಬದುಕಿ, ಒಂದು ಹೋಗಿ ಹಲವಾರಾಗಿ, ಕೊನೆಗೆ ಕಣವನ್ನು ಒಡೆದು ಹೊರಗೆ ಬಂದು ಮೈಯೆಲ್ಲ ಹರಡುತ್ತದೆ. ಸಿಂಪಿ ಬೆಳೆಯುವುದಿಲ್ಲ, ಬಡವಾಗುತ್ತದೆ. ಕೊನೆಗೆ ಚಿಪ್ಪು ಮುಚ್ಚುವ ಶಕ್ತಿಯೂ ಇಲ್ಲದೆ ಸಾಯುತ್ತದೆ. ಸತ್ತ ಸಿಂಪಿ ಕೊಳೆತಾಗ ಪರಾವಲಂಬಿಗಳು ನೀರಿಗೆ ಬಿದ್ದು ಪಕ್ಕದ ಸಿಂಪಿಗೆ ಹೋಗುತ್ತವೆ. ಮಲೇರಿಯಾಕ್ಕೆ ಸೊಳ್ಳೆ ಬೇಕು, ಡರ್ಮೋಕ್ಕೆ ನೀರೇ ಸಾಕು.

ಇನ್ನೊಂದು ಮಾತು. ಈ ಪರಾವಲಂಬಿಯಿಂದ ಮನುಷ್ಯರಿಗೆ ರೋಗ ಬರುವುದಿಲ್ಲ.

ಬಿಸಿ ಮತ್ತು ಉಪ್ಪು

ಸಮುದ್ರದ ನೀರಿನಲ್ಲಿ ಒಂದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅಳಿವೆಯಲ್ಲಿ, ಅಂದ್ರೆ ಹೊಳೆ ಸಮುದ್ರ ಸೇರುವ ಜಾಗದಲ್ಲಿ, ಸಿಹಿನೀರು ಬೆರೆತು ಉಪ್ಪು ಕಡಿಮೆ ಆಗುತ್ತದೆ. ನೀರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದು, ಉಪ್ಪು ಲೀಟರಿಗೆ ಸುಮಾರು 12 ಗ್ರಾಂಗಿಂತ ಹೆಚ್ಚಿದ್ದರೆ ಡರ್ಮೋಗೆ ಹಬ್ಬ. ಚಳಿಗಾಲದಲ್ಲಿ ತಗ್ಗುತ್ತದೆ. ಸಿಹಿನೀರು ಬಂದರೂ ತಗ್ಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಅಮೆರಿಕದ ಪೂರ್ವ ದಡದ ಚೆಸಪೀಕ್ ಕೊಲ್ಲಿಯಲ್ಲಿ 1980ರ ದಶಕದ ಕೊನೆಗೆ ಬರಗಾಲ ಬಿತ್ತು. ಹೊಳೆ ನೀರು ಕಡಿಮೆಯಾಗಿ ಉಪ್ಪು ಮೇಲೇರಿತು, ಉಪ್ಪಿನ ಹಿಂದೆಯೇ ರೋಗವೂ ಮೇಲೇರಿತು. ರೋಗ ಇದ್ದ ಸಿಂಪಿಯನ್ನು ಬೀಜಕ್ಕೆ ಅಂತ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದ್ದೂ ಹರಡಲು ಕಾರಣವಾಯಿತು. 1990ರ ನಂತರ ಚಳಿಗಾಲಗಳು ಬೆಚ್ಚಗಾದಾಗ ರೋಗ ಇನ್ನೂ ಉತ್ತರಕ್ಕೆ ಹೋಯಿತು.

ಔಷಧ ಇದೆಯೇ?

ಇಡೀ ಕೊಲ್ಲಿಯ ನೀರಿಗೆ ಔಷಧ ಹಾಕಲು ಆಗುತ್ತದೆಯೇ? ಆಗೋದಿಲ್ಲ. ಆದ್ದರಿಂದ ಉಪಾಯ ಮಾಡುತ್ತಾರೆ. ರೋಗ ಇರುವ ಸಿಂಪಿಯನ್ನು ಬೇರೆ ನೀರಿಗೆ ಒಯ್ಯಬಾರದು. ಉಪ್ಪು ಕಡಿಮೆ ಇರುವ ಜಾಗದಲ್ಲಿ ಸಾಕಬೇಕು. ಎರಡನೇ ಮೂರನೇ ಬೇಸಿಗೆಯಲ್ಲಿ ಸಾವು ಹೆಚ್ಚು, ಆದ್ದರಿಂದ ಬೇಗ ಬೆಳೆಯುವ ತಳಿ ಸಾಕಿ ಅದಕ್ಕೆ ಮೊದಲೇ ತೆಗೆಯಬೇಕು. ರೋಗ ಬಂದರೂ ಬದುಕಿ ಉಳಿದ ಸಿಂಪಿಗಳಿಂದಲೇ ಮುಂದಿನ ಪೀಳಿಗೆ ಪಡೆಯಬೇಕು. ನಮ್ಮ ರೈತರು ಒಳ್ಳೆ ತೆನೆ ಆರಿಸಿ ಬೀಜಕ್ಕೆ ಇಟ್ಟ ಹಾಗೆಯೇ ಇದು.

ನಮ್ಮ ದೇಶದಲ್ಲಿ

ಡರ್ಮೋದ ದಾಯಾದಿ ಒಂದು ನಮ್ಮ ದೇಶದಲ್ಲೂ ಸಿಕ್ಕಿದೆ. ಅದರ ಹೆಸರು ಪರ್ಕಿನ್ಸಸ್ ಓಲ್ಸೆನಿ. ಭಾರತದ ಆಗ್ನೇಯ ಕರಾವಳಿಯ ಮುತ್ತಿನ ಸಿಂಪಿಗಳಲ್ಲಿ ಇದು ಇದೆ ಎಂದು ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ವರದಿ ಮಾಡಿದ್ದಾರೆ. ನಮ್ಮ ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲೂ ನೀರು ಇಳಿದ ಹೊತ್ತಿಗೆ ಗಂಡಸರು ಹೆಂಗಸರು ಬಳಚು ಆರಿಸಿ ಸಂಸಾರ ನಡೆಸುತ್ತಾರೆ. ಆದ್ದರಿಂದ ಚಿಪ್ಪಿನ ರೋಗದ ವಿಷಯ ನಮಗೂ ತಿಳಿದಿರಬೇಕು.

ಇದರಿಂದ ತಿಳಿಯಬೇಕಾದದ್ದು

ನಮ್ಮ ಕಡೆ ಕೋಳಿ ಸಾಲಾಗಿ ಸತ್ತರೆ ಪಕ್ಕದ ಮನೆಯವರ ಕಣ್ಣು ತಾಗಿತು ಅಂತಾರೆ, ಮಾತು ಬಿಡ್ತಾರೆ. ಸತ್ತ ಕೋಳಿಯನ್ನು ಪಶು ಆಸ್ಪತ್ರೆಗೆ ತೋರಿಸುವವರು ಕಡಿಮೆ. ಜಗಳ ಆಡಿದರೆ ಉಳಿದ ಕೋಳಿ ಬದುಕುವುದಿಲ್ಲ. ಎಣ್ಣೆಯಿಂದ ನೀರು ಕೆಡುವುದು ನಿಜವೇ. ಆದರೆ ಆ ಸಿಂಪಿಗಳನ್ನು ಕೊಲ್ಲುತ್ತಿದ್ದದ್ದು ಒಳಗಿದ್ದ ಪರಾವಲಂಬಿ. ಅದು ಗೊತ್ತಾದ ಮೇಲೆಯೇ ಸಿಂಪಿ ಉಳಿಸುವ ದಾರಿ ಸಿಕ್ಕಿದ್ದು. ಮೊದಲು ಪರೀಕ್ಷೆ, ಆಮೇಲೆ ತೀರ್ಪು.

ಯೋಚಿಸಿ ಉತ್ತರಿಸಿ

1. ಮಲೇರಿಯಾ ಮತ್ತು ಡರ್ಮೋ ಹರಡುವ ರೀತಿಯಲ್ಲಿ ಇರುವ ಒಂದು ವ್ಯತ್ಯಾಸ ತಿಳಿಸಿ.
2. ಬರಗಾಲ ಬಂದರೆ ಅಳಿವೆಯ ಸಿಂಪಿಗೆ ರೋಗ ಹೆಚ್ಚುವುದು ಏಕೆ?
3. ಒಂದು ಸಿಂಪಿ ದಿನಕ್ಕೆ 190 ಲೀಟರ್ ಸೋಸಿದರೆ, 1000 ಸಿಂಪಿಗಳು ಸತ್ತಾಗ ದಿನಕ್ಕೆ ಎಷ್ಟು ನೀರು ಸೋಸದೆ ಉಳಿಯುತ್ತದೆ?