ಸೀರೆ ವಾಪಸ್ ಬಂತು, ದುಡ್ಡೂ ಹೋಯಿತು: ಆನ್‌ಲೈನ್‌ನಲ್ಲಿ ಮಾರುವವರ ಕಾನೂನು ಹಕ್ಕುಗಳು

ರಿಟರ್ನ್ ಪಾರ್ಸೆಲ್ ಮಾರಿದವರ ಬಾಗಿಲಿಗೆ ಬರುವ ಹೊತ್ತಿಗೆ, ಸಾಮಾನ್ಯವಾಗಿ ಕೊಂಡವರ ಖಾತೆಗೆ ದುಡ್ಡು ವಾಪಸ್ ಹೋಗಿರುತ್ತದೆ. ಒಳಗೆ ಏನಿದೆ ಎಂದು ಮಾರಿದವರು ನೋಡುವ ಮುಂಚೆಯೇ ತೀರ್ಮಾನ ಆಗಿರುತ್ತದೆ. ಇಳಕಲ್‌ನಿಂದ ಹೊಸ ಸೀರೆ ಕಳಿಸಿದವರಿಗೆ ಉಟ್ಟು ಮಡಚಿದ ಸೀರೆ ಬರುತ್ತದೆ. ಚನ್ನಪಟ್ಟಣದ ಗೊಂಬೆ ಸೆಟ್ ಕಳಿಸಿದವರಿಗೆ ಎರಡು ಗೊಂಬೆ ಕಡಿಮೆಯಾದ ಡಬ್ಬ. ಚಾರ್ಜರ್ ಮಾರುವವರಿಗೆ ಯಾವುದೋ ಕಂಪನಿಯ ಸುಟ್ಟ ಚಾರ್ಜರ್. ಸೆಲ್ಲರ್ ಸಪೋರ್ಟ್‌ಗೆ ಬರೆದರೆ ‘ಪಾಲಿಸಿಯಂತೆ ನಿಮ್ಮ ಕ್ಲೇಮ್ ತಿರಸ್ಕೃತವಾಗಿದೆ’ ಎಂಬ ಒಂದು ಸಾಲಿನ ಉತ್ತರ. ಮುಂದಿನ ಸೆಟಲ್‌ಮೆಂಟ್ ಬಂದಾಗ ನೋಡಿದರೆ ಸೀರೆಯ ಬೆಲೆಯ ಜೊತೆಗೆ ಹೋಗಿಬಂದ ಸಾಗಣೆ ಶುಲ್ಕವೂ ಕಡಿತ.

ಇಷ್ಟಾದ ಮೇಲೆ ಹೆಚ್ಚಿನವರು ‘ಗ್ರಾಹಕರ ಕಾನೂನು ಹಾಗಿದೆ, ಏನು ಮಾಡೋದು’ ಎಂದು ಸುಮ್ಮನಾಗುತ್ತಾರೆ. ಕಾನೂನು ಹಾಗಿಲ್ಲ. ಇಲ್ಲಿರುವುದು ಎರಡು ಬೇರೆ ಬೇರೆ ವ್ಯವಹಾರ. ಒಂದು ಕೊಂಡವರಿಗೂ ನಿಮಗೂ ನಡುವಿನದು, ಅದು ಮಾರಾಟ. ಇನ್ನೊಂದು ಮಾರ್ಕೆಟ್‌ಪ್ಲೇಸ್ ಕಂಪನಿಗೂ ನಿಮಗೂ ನಡುವಿನದು, ಅದು ಸೇವಾ ಒಪ್ಪಂದ. ಗ್ರಾಹಕರನ್ನು ಖುಷಿಪಡಿಸಲು ಕಂಪನಿ ರೀಫಂಡ್ ಕೊಟ್ಟರೆ ಅದು ಅದರ ವ್ಯಾಪಾರ ನೀತಿ. ಆ ಹಣವನ್ನು ನಿಮ್ಮ ಲೆಕ್ಕದಿಂದ ಕಡಿಯಲು ಅದಕ್ಕೆ ಅಧಿಕಾರ ಇದೆಯೇ ಎಂಬುದು ಬೇರೆಯದೇ ಪ್ರಶ್ನೆ, ಅದಕ್ಕೆ ಉತ್ತರ ನಿಮ್ಮ ಒಪ್ಪಂದದಲ್ಲಿದೆ. ಈ ಎರಡನ್ನು ಬೇರೆ ಮಾಡಿ ನೋಡದವರು ತಮ್ಮ ಹಕ್ಕನ್ನು ಕೇಳುವ ಮೊದಲೇ ಬಿಟ್ಟುಕೊಡುತ್ತಾರೆ.

ಮೊದಲು ಮಾರಾಟದ ವಿಷಯ. ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು 2020ರ ಜುಲೈನಲ್ಲಿ ಜಾರಿಗೆ ಬಂದವು. ಅವುಗಳ 6ನೇ ನಿಯಮ ಮಾರಾಟಗಾರರ ಕರ್ತವ್ಯ ಹೇಳುತ್ತದೆ. ಸರಕು ದೋಷಯುಕ್ತವಾಗಿದ್ದರೆ, ನಕಲಿಯಾಗಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ಅಥವಾ ಹೇಳಿದ ದಿನ ಮೀರಿ ತಲುಪಿದ್ದರೆ ವಾಪಸ್ ತೆಗೆದುಕೊಳ್ಳಲು, ಹಣ ಮರಳಿಸಲು ನಿರಾಕರಿಸುವಂತಿಲ್ಲ. ಮಾರಾಟಗಾರರ ಕೈಮೀರಿದ ಆಪತ್ತಿನಿಂದ ತಡವಾದರೆ ಆ ತಡಕ್ಕೆ ವಿನಾಯಿತಿ ಇದೆ. ಪಟ್ಟಿಯನ್ನು ಇನ್ನೊಮ್ಮೆ ಓದಿ. ‘ಬಣ್ಣ ಮನಸ್ಸಿಗೆ ಹಿಡಿಸಲಿಲ್ಲ’, ‘ಫಂಕ್ಷನ್ ಮುಗಿಯಿತು, ಇನ್ನು ಬೇಡ’ ಎಂಬ ಕಾರಣ ಅದರಲ್ಲಿ ಇಲ್ಲ. ಅಂಥ ರಿಟರ್ನ್ ಕೊಡುತ್ತಿರುವುದು ಮಾರ್ಕೆಟ್‌ಪ್ಲೇಸ್‌ನ ಪಾಲಿಸಿ. ರಿಜಿಸ್ಟರ್ ಆಗುವಾಗ ನೀವು ಒತ್ತಿದ ‘ಒಪ್ಪಿದ್ದೇನೆ’ ಗುಂಡಿಯಿಂದ ಅದು ನಿಮ್ಮ ಮೇಲೆ ಬಂದಿದೆ. ಆ ಗುಂಡಿಗೆ ಸಹಿಯಷ್ಟೇ ಬೆಲೆ ಇದೆ. ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತು ಎಂಬ ಕಾರಣಕ್ಕೆ ಒಪ್ಪಂದ ಅಸಿಂಧುವಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10-ಎ ಸೆಕ್ಷನ್ ಹೇಳುತ್ತದೆ.

ನಿಯಮಗಳ ಜೊತೆಗೆ 1930ರ ಸರಕು ಮಾರಾಟ ಕಾಯ್ದೆಯೂ ಇದೆ. ಹಳೆಯದಾದರೂ ಇವತ್ತಿನ ರಿಟರ್ನ್ ಜಗಳಕ್ಕೆ ಅದರ 42ನೇ ಸೆಕ್ಷನ್‌ನಷ್ಟು ಉಪಯೋಗಕ್ಕೆ ಬರುವುದು ಮತ್ತೊಂದಿಲ್ಲ. ಕೊಂಡವರು ಸರಕನ್ನು ಒಪ್ಪಿಕೊಂಡರು ಎಂದು ಯಾವಾಗ ಹೇಳಬಹುದು ಎಂಬುದನ್ನು ಅದು ತಿಳಿಸುತ್ತದೆ: ಒಪ್ಪಿದ್ದೇನೆ ಎಂದು ಹೇಳಿದಾಗ, ಅಥವಾ ತಲುಪಿದ ಸರಕಿನ ಮೇಲೆ ಅದು ಇನ್ನೂ ಮಾರಿದವರದೇ ಎಂಬುದಕ್ಕೆ ಹೊಂದದ ಕೆಲಸವನ್ನು ಮಾಡಿದಾಗ, ಅಥವಾ ಬೇಡವೆಂದು ತಿಳಿಸದೆ ಸಮಂಜಸ ಕಾಲ ಮೀರಿ ಇಟ್ಟುಕೊಂಡಾಗ. ವಾಪಸ್ ಬಂದ ಇಳಕಲ್ ಸೀರೆಯನ್ನು ಬೆಳಕಿಗೆ ಹಿಡಿದು ಅಂಚನ್ನು ನೋಡಿ. ಕಳಿಸಿದಾಗ ಇಲ್ಲದ ಫಾಲ್ ಈಗ ಹೊಲಿದಿದೆ, ಅಥವಾ ಫಾಲ್ ಬಿಚ್ಚಿದ ಸೂಜಿ ತೂತುಗಳ ಸಾಲು ಕಾಣುತ್ತಿದೆ. ಟೋಪ್ ತೆನಿ ಸೆರಗಿನ ತುದಿಯಲ್ಲಿ ಬಿಡಿಯಾಗಿ ಬಿಟ್ಟಿದ್ದ ಎಳೆಗಳಿಗೆ ಯಾರೋ ಕುಚ್ಚು ಕಟ್ಟಿದ್ದಾರೆ. ನೆರಿಗೆ ಬಂದ ಜಾಗದಲ್ಲಿ ಪಿನ್ನಿನ ಗುರುತು, ಕುತ್ತಿಗೆ ಭಾಗದಲ್ಲಿ ಅರಿಶಿನ. ಬೇರೆಯವರ ಸೀರೆಗೆ ಯಾರೂ ಫಾಲ್ ಹೊಲಿಸುವುದಿಲ್ಲ. ಹೊಲಿಸಿದರೆ ಸೀರೆಯನ್ನು ತಮ್ಮದೆಂದು ಒಪ್ಪಿಕೊಂಡರು ಎಂದೇ ನೀವು ವಾದಿಸಬಹುದು. ಕ್ಲೇಮ್ ಹಾಕುವಾಗ ‘ಬಳಸಿದ ಸೀರೆ’ ಎಂದಷ್ಟೇ ಬರೆಯಬೇಡಿ. ಫಾಲ್ ಹೊಲಿದಿದೆ, ಇಂಥ ಜಾಗದಲ್ಲಿ, ಫೋಟೊ ಸಂಖ್ಯೆ ಇಷ್ಟು, ಆದ್ದರಿಂದ 42ನೇ ಸೆಕ್ಷನ್‌ನಂತೆ ಸರಕು ಅಂಗೀಕಾರವಾಗಿದೆ ಎಂದು ಬರೆಯಿರಿ. ಎದುರಿಗಿರುವ ಸಪೋರ್ಟ್ ಸಿಬ್ಬಂದಿಗೆ ಅದು ತಲೆಗೆ ಹೋಗದಿರಬಹುದು. ಮುಂದೆ ಆ ಕಾಗದ ಓದುವ ಮಧ್ಯಸ್ಥಗಾರರಿಗೆ (ಆರ್ಬಿಟ್ರೇಟರ್) ಹೋಗುತ್ತದೆ.

ಲಿಸ್ಟಿಂಗ್‌ನ ಬರಹವೂ ಅಷ್ಟೇ ಮುಖ್ಯ. ‘ಹೇಳಿದಂತೆ ಇಲ್ಲ’ ಎಂಬುದು ಗ್ರಾಹಕರ ಕೈಯಲ್ಲಿರುವ ಬಲವಾದ ಕಾರಣ, ಮತ್ತು ಆ ಕಾರಣ ನಿಜವಾದರೆ ಕಾನೂನು ಪೂರ್ತಿ ಅವರ ಪರ. ಕೈಮಗ್ಗದ ಸೀರೆಯಲ್ಲಿ ಬಣ್ಣ ಒಂದಿಷ್ಟು ಆಚೀಚೆ ಇರುತ್ತದೆ, ನೂಲಿನ ಗಂಟು ಇರುತ್ತದೆ ಎಂದು ಲಿಸ್ಟಿಂಗ್‌ನಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿರಬೇಕು. ಹತ್ತಿ-ರೇಷ್ಮೆ ಮಿಶ್ರಣವನ್ನು ‘ಪ್ಯೂರ್ ಸಿಲ್ಕ್’ ಎಂದು ಹಾಕಿದವರಿಗೆ ಈ ಲೇಖನದಿಂದ ಏನೂ ಸಹಾಯವಾಗದು, ಆಗಬಾರದು ಕೂಡ.

ಈಗ ಪುರಾವೆ. ವ್ಯಾಜ್ಯ ಗೆಲ್ಲುವುದು ಪ್ಯಾಕಿಂಗ್ ಮೇಜಿನ ಮೇಲೆ. ಪ್ಯಾಕ್ ಮಾಡುವಾಗ ಫೋನನ್ನು ಸ್ಟ್ಯಾಂಡಿಗೆ ಹಾಕಿ ಒಂದೇ ಶಾಟ್‌ನಲ್ಲಿ, ಮಧ್ಯೆ ನಿಲ್ಲಿಸದೆ, ವಿಡಿಯೊ ಮಾಡಿ. ಲೇಬಲ್‌ನ ಎಡಬ್ಲ್ಯುಬಿ (ಟ್ರ್ಯಾಕಿಂಗ್) ನಂಬರ್, ಸರಕಿನ ಎರಡೂ ಬದಿ, ಸೀರಿಯಲ್ ನಂಬರ್ ಇದ್ದರೆ ಅದು, ತಕ್ಕಡಿಯ ಮೇಲಿನ ತೂಕ, ಟೇಪ್ ಹಾಕಿ ಮುಗಿಸಿದ್ದು, ಎಲ್ಲವೂ ಒಂದೇ ಓಟದಲ್ಲಿ ಬರಲಿ. ರಿಟರ್ನ್ ಬಂದಾಗ ಟೇಪ್ ಕತ್ತರಿಸುವ ಮುಂಚೆ ಡಬ್ಬದ ಎಲ್ಲ ಬದಿ ಮತ್ತು ತೂಕ ತೋರಿಸಿ, ಆಮೇಲೆ ಬಿಚ್ಚಿ. ಕಳಿಸಿದಾಗಿನ ತೂಕಕ್ಕೂ ಬಂದಾಗಿನ ತೂಕಕ್ಕೂ ವ್ಯತ್ಯಾಸವಿದ್ದರೆ ಸರಕು ಬದಲಾಗಿದೆ ಎನ್ನಲು ಅದೇ ದೊಡ್ಡ ಆಧಾರ. ಡಬ್ಬ ಹರಿದಿದ್ದರೆ ಡೆಲಿವರಿ ಹುಡುಗನ ಎದುರಿಗೇ ಷರಾ ಬರೆಸಿ, ಅಥವಾ ತೆಗೆದುಕೊಳ್ಳಲು ನಿರಾಕರಿಸಿ ಫೋಟೊ ಇಟ್ಟುಕೊಳ್ಳಿ. ಕ್ಲೇಮ್ ಹಾಕಲು ಪಾಲಿಸಿಯಲ್ಲಿ ಕೊಡುವ ಅವಧಿ ತೀರಾ ಕಡಿಮೆ ಇರುತ್ತದೆ, ಆದ್ದರಿಂದ ರಿಟರ್ನ್ ಪಾರ್ಸೆಲ್‌ಗಳನ್ನು ಮೂಲೆಯಲ್ಲಿ ಪೇರಿಸಿ ಭಾನುವಾರ ನೋಡೋಣ ಎನ್ನಬೇಡಿ.

ಆ ವಿಡಿಯೊ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನಂತೆ ಪ್ರಮಾಣಪತ್ರ ಬೇಕು. ಅದಕ್ಕೆ ಎರಡು ಭಾಗ. ಒಂದನ್ನು ದಾಖಲೆ ಹಾಜರುಪಡಿಸುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಕಡತದ ಹ್ಯಾಶ್ ಮೌಲ್ಯವನ್ನು, ಅಂದರೆ ಅದರ ಡಿಜಿಟಲ್ ಬೆರಳಚ್ಚನ್ನು, ಪ್ರಮಾಣಪತ್ರದಲ್ಲಿ ನಮೂದಿಸಬೇಕು. ಹಾಗಾಗಿ ಮೂಲ ಫೈಲ್ ಅಳಿಸಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪ್ರತಿ ಕುಗ್ಗಿದ ಬೇರೆ ಫೈಲ್, ಅದರ ಹ್ಯಾಶ್ ಮೂಲದ್ದಕ್ಕೆ ಹೊಂದುವುದಿಲ್ಲ. ಜೊತೆಗೆ, ಆರ್ಡರ್ ಬಂದ ದಿನ ಜಾರಿಯಲ್ಲಿದ್ದ ರಿಟರ್ನ್ ಪಾಲಿಸಿಯ ಪಿಡಿಎಫ್ ಉಳಿಸಿಕೊಳ್ಳಿ. ಪಾಲಿಸಿಗಳು ಸದ್ದಿಲ್ಲದೆ ಬದಲಾಗುತ್ತವೆ. ನಿಮ್ಮ ಆರ್ಡರ್‌ಗೆ ಯಾವುದು ಅನ್ವಯ ಎಂದು ತೋರಿಸುವ ಹೊಣೆ ಆಮೇಲೆ ನಿಮ್ಮ ತಲೆಗೇ ಬರುತ್ತದೆ.

ಇನ್ನು ಯಾರ ಬಾಗಿಲು ತಟ್ಟಬೇಕು? ಇಲ್ಲಿಯೇ ಹೆಚ್ಚು ಜನ ದಾರಿ ತಪ್ಪುವುದು. 1915ಕ್ಕೆ ಕರೆ ಮಾಡುತ್ತಾರೆ, ಅದು ಗ್ರಾಹಕರ ಸಹಾಯವಾಣಿ. ಗ್ರಾಹಕ ಆಯೋಗಕ್ಕೆ ಹೋಗುತ್ತಾರೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ಗ್ರಾಹಕರಲ್ಲ. ಸ್ವಉದ್ಯೋಗದಿಂದ ಹೊಟ್ಟೆ ಹೊರೆಯುವವರಿಗೆ ಕಾಯ್ದೆ ಕೊಟ್ಟಿರುವ ವಿನಾಯಿತಿಯ ವಿವರಣೆ ಕೊಂಡು ಬಳಸಿದ ಸರಕಿನ ಬಗ್ಗೆ ಮಾತಾಡುತ್ತದೆಯೇ ಹೊರತು ಪಡೆದ ಸೇವೆಯ ಬಗ್ಗೆ ಅಲ್ಲ. ಮಾರ್ಕೆಟ್‌ಪ್ಲೇಸ್ ನಿಮಗೆ ಕೊಡುವುದು ಸೇವೆ, ಹಾಗಾಗಿ ಈ ಹಾದಿ ದುರ್ಬಲ. ಎಂಎಸ್‌ಎಂಇ ಕಾಯ್ದೆಯಡಿ 45 ದಿನದೊಳಗೆ ಪಾವತಿ, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂಬ ಒಳ್ಳೆಯ ರಕ್ಷಣೆ ಇದೆ. ಅದು ನಿಮ್ಮಿಂದ ಕೊಂಡವರ ವಿರುದ್ಧ. ಮಾರ್ಕೆಟ್‌ಪ್ಲೇಸ್ ‘ನಾವು ಕೊಂಡಿಲ್ಲ, ಮಧ್ಯವರ್ತಿ ಮಾತ್ರ’ ಎನ್ನುತ್ತದೆ. ಕಂಪನಿಯೇ ನಿಮ್ಮಿಂದ ಸಗಟಾಗಿ ಖರೀದಿಸಿದ್ದರೆ ಮಾತ್ರ ಉದ್ಯಮ್ ನೋಂದಣಿ ಹಿಡಿದು ಎಂಎಸ್‌ಎಂಇ ಸಚಿವಾಲಯದ ವ್ಯಾಜ್ಯ ಪೋರ್ಟಲ್‌ಗೆ ಧೈರ್ಯವಾಗಿ ಹೋಗಿ.

ಕಂಪನಿಯ ವಿರುದ್ಧದ ನಿಜವಾದ ದಾರಿ ಒಪ್ಪಂದದ್ದು. ಮೊದಲು ಟಿಕೆಟ್, ಅದು ತಿರಸ್ಕೃತವಾದರೆ ಒಳಗಿನ ಮೇಲ್ಮನವಿ, ಅಲ್ಲಿಂದ ಮುಂದೆ ಸ್ಪೀಡ್ ಪೋಸ್ಟ್‌ನಲ್ಲಿ ಲಿಖಿತ ನೋಟಿಸ್. ಒಪ್ಪಂದದಲ್ಲಿ ಮಧ್ಯಸ್ಥಿಕೆ ಷರತ್ತು ಇದೆಯೇ, ಅದು ಯಾವ ಊರಿನಲ್ಲಿ ಎಂದು ಹುಡುಕಿ. ಇದ್ದರೆ ಸಿವಿಲ್ ನ್ಯಾಯಾಲಯ ನಿಮ್ಮನ್ನು ಅಲ್ಲಿಗೇ ಕಳಿಸುತ್ತದೆ. ‘ಮಧ್ಯಸ್ಥಗಾರರನ್ನು ನಾವೇ ನೇಮಿಸುತ್ತೇವೆ’ ಎಂಬ ಷರತ್ತು ಕಂಡರೆ ಹೆದರಬೇಕಿಲ್ಲ. ವ್ಯಾಜ್ಯದ ಫಲಿತಾಂಶದಲ್ಲಿ ಆಸಕ್ತಿ ಇರುವವರು ಏಕಪಕ್ಷೀಯವಾಗಿ ಏಕೈಕ ಮಧ್ಯಸ್ಥಗಾರರನ್ನು ನೇಮಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಹೇಳಿದೆ. ನೋಟಿಸ್ ಕೊಟ್ಟ ಮೇಲೂ ಮಧ್ಯಸ್ಥಗಾರರು ಯಾರೆಂಬ ಬಗ್ಗೆ ಒಮ್ಮತ ಬರದಿದ್ದರೆ ಹೈಕೋರ್ಟಿಗೆ ಅರ್ಜಿ ಹಾಕಬಹುದು. ಮಧ್ಯಸ್ಥಿಕೆ ಷರತ್ತು ಇಲ್ಲದೆ, ಮೊತ್ತ 3 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ವಾಣಿಜ್ಯ ನ್ಯಾಯಾಲಯ. ತುರ್ತು ತಡೆಯಾಜ್ಞೆ ಕೇಳದ ದಾವೆಗೆ ಮುಂಚೆ ಸಂಧಾನ ಕಡ್ಡಾಯ, ಅದು ನಡೆಯುವುದು ಕಾನೂನು ಸೇವಾ ಪ್ರಾಧಿಕಾರದ ಮೂಲಕ. ಒಂದು ಸೀರೆಗೆ ಇಷ್ಟೆಲ್ಲ ಯಾರು ಮಾಡುತ್ತಾರೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಣದ ದಾವೆಗೆ ಸಾಮಾನ್ಯವಾಗಿ 3 ವರ್ಷ ಕಾಲಮಿತಿ ಇದೆ. ತಪ್ಪಾಗಿ ಕಡಿದ ಪ್ರತಿ ಮೊತ್ತವನ್ನೂ ಆರ್ಡರ್ ನಂಬರ್ ಸಮೇತ ಒಂದು ಪುಸ್ತಕದಲ್ಲಿ ಬರೆಯುತ್ತಾ ಹೋಗಿ, ಒಟ್ಟಿಗೆ ಕೇಳಿ. ಬಿಡಿಯಾಗಿ ಕೇಳಿದ ಸಾವಿರ ರೂಪಾಯಿಗೆ ಒಂದು ಸಾಲಿನ ಉತ್ತರ ಕೊಡುವ ಕಂಪನಿ, ಲಕ್ಷಗಳ ಪಟ್ಟಿಯಿರುವ ನೋಟಿಸಿಗೆ ವಕೀಲರನ್ನು ಕೂರಿಸಿ ಯೋಚಿಸುತ್ತದೆ.

ಸರಕನ್ನು ಕಂಪನಿಯ ಗೋದಾಮಿನಲ್ಲಿ ಇಟ್ಟು ಮಾರುವವರಿಗೆ ಇನ್ನೊಂದು ಆಸರೆ ಇದೆ. ಒಪ್ಪಿಸಿದ ಸರಕನ್ನು ತನ್ನದರಂತೆ ಜೋಪಾನ ಮಾಡುವುದು ಒಪ್ಪಿಸಿಕೊಂಡವರ ಕರ್ತವ್ಯ ಎಂದು ಕರಾರು ಕಾಯ್ದೆಯ 151ನೇ ಸೆಕ್ಷನ್ ಹೇಳುತ್ತದೆ. ಸಾಗಣೆಯಲ್ಲಿ ಕಳೆದುಹೋದರೆ, ಮತ್ತು ಕೊರಿಯರ್‌ನವರನ್ನು ಗೊತ್ತು ಮಾಡಿದ್ದು ನೀವೇ ಆದರೆ, ಕಾಯಂ ಲೋಕ ಅದಾಲತ್‌ಗೆ ಹೋಗಬಹುದು. ಸರಕು ಸಾಗಣೆ ಅದರ ಸಾರ್ವಜನಿಕ ಸೇವೆಗಳ ಪಟ್ಟಿಯಲ್ಲಿದೆ. ರಾಜಿ ಆಗದಿದ್ದರೆ ಅದು ತೀರ್ಪನ್ನೂ ಕೊಡಬಲ್ಲದು, ನ್ಯಾಯಾಲಯ ಶುಲ್ಕವಿಲ್ಲ. ಇಷ್ಟು ಸುಲಭದ ಬಾಗಿಲು ಇದೆ ಎಂಬುದೇ ನಮ್ಮ ಸಣ್ಣ ವ್ಯಾಪಾರಿಗಳಿಗೆ ಗೊತ್ತಿಲ್ಲದಿರುವುದು ಸಂಕಟದ ಸಂಗತಿ.

ಪೊಲೀಸ್ ದೂರು ಎಲ್ಲ ರಿಟರ್ನ್‌ಗೂ ಮದ್ದಲ್ಲ. ಉಟ್ಟ ಸೀರೆ ವಾಪಸ್ ಬಂದದ್ದು ಬಹುಮಟ್ಟಿಗೆ ಸಿವಿಲ್ ವ್ಯಾಜ್ಯ. ಫೋನಿನ ಬದಲು ಸಾಬೂನು ಬಂದರೆ, ಸೀರಿಯಲ್ ನಂಬರ್ ಬೇರೆಯಾಗಿದ್ದರೆ, ಒಂದೇ ವಿಳಾಸದಿಂದ ಮತ್ತೆ ಮತ್ತೆ ಹೀಗಾದರೆ ಅದು ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್‌ನ ವಂಚನೆ. ಹತ್ತಿರದ ಠಾಣೆಗೆ ಅಥವಾ ಸೈಬರ್ ಅಪರಾಧ ನೋಡುವ ಜಿಲ್ಲೆಯ ಸೆನ್ ಠಾಣೆಗೆ ವಿಡಿಯೊ, ಇನ್‌ವಾಯ್ಸ್, ಆರ್ಡರ್ ಪಟ್ಟಿ ಸಮೇತ ಲಿಖಿತ ದೂರು ಕೊಡಿ. ಆನ್‌ಲೈನಿನಲ್ಲಿ ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಮಾಡಬೇಕು. ದಾಖಲಿಸದಿದ್ದರೆ ಎಸ್‌ಪಿಗೆ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ. ಸಿಟ್ಟಿನಲ್ಲಿ ಗ್ರಾಹಕರ ಹೆಸರು, ಫೋನ್ ನಂಬರ್ ಹಾಕಿ ‘ಕಳ್ಳರು’ ಎಂದು ಗ್ರೂಪುಗಳಲ್ಲಿ ಹಂಚಬೇಡಿ. ಆಗ ಮಾನಹಾನಿಯ ದೂರು ನಿಮ್ಮ ಮೇಲೆಯೇ ಬರಬಹುದು.

ಗ್ರಾಹಕರೇ ನಿಮ್ಮ ಮೇಲೆ ಆಯೋಗಕ್ಕೆ ಹೋಗಿ ನೋಟಿಸ್ ಬಂದರೆ? ಈಗಿನ ಕಾಯ್ದೆಯಂತೆ ಅವರು ತಾವಿರುವ ಊರಿನಲ್ಲೇ ದೂರು ಹಾಕಬಹುದು, ಹಾಗಾಗಿ ನೋಟಿಸ್ ಜೈಪುರದಿಂದಲೂ ಬಂದೀತು. ಮೊದಲ ಎದುರುದಾರ ಮಾರ್ಕೆಟ್‌ಪ್ಲೇಸ್, ಅವರೇ ನೋಡಿಕೊಳ್ಳುತ್ತಾರೆ ಎಂದು ಪಕ್ಕಕ್ಕಿಡುವುದು ಅಪಾಯ. ಉತ್ತರಕ್ಕೆ 30 ದಿನ, ಆಯೋಗ ಒಪ್ಪಿದರೆ ಇನ್ನೂ 15 ದಿನ, ಅದರ ಮೇಲೆ ಒಂದು ದಿನವೂ ಇಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಖಚಿತಪಡಿಸಿದೆ. ವಿಡಿಯೊ ಕಾನ್ಫರೆನ್ಸ್ ಮೂಲಕ ಹಾಜರಾಗಲು ಅರ್ಜಿ ಹಾಕಿ. ದೋಷ ಇದೆ ಎಂಬ ಆರೋಪಕ್ಕೆ ಪರೀಕ್ಷೆ ಬೇಕೆನಿಸಿದರೆ ಪ್ರಯೋಗಾಲಯಕ್ಕೆ ಕಳಿಸುವಂತೆ ಕೇಳಿ. ಜಿಲ್ಲಾ ಆಯೋಗದ ಆದೇಶ ವಿರುದ್ಧವಾದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ, ಆದೇಶದ ಮೊತ್ತದ ಅರ್ಧ ಠೇವಣಿ ಇಟ್ಟು.

ಜಿಎಸ್‌ಟಿ ಕಡೆಯೂ ಒಂದು ಮಾತು. ಸರಕು ವಾಪಸ್ ಬಂದ ಪ್ರತಿ ಆರ್ಡರ್‌ಗೆ ಕ್ರೆಡಿಟ್ ನೋಟ್ ಮಾಡದಿದ್ದರೆ ಮಾರಾಟವೇ ಆಗದ ಸೀರೆಗೆ ತೆರಿಗೆ ಕಟ್ಟಿದಂತಾಗುತ್ತದೆ. ಅದನ್ನು ರಿಟರ್ನ್‌ನಲ್ಲಿ ತೋರಿಸಲು ಮುಂದಿನ ಹಣಕಾಸು ವರ್ಷದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದೇ ಕೊನೆ.

ಕಾನೂನಿನಲ್ಲಿ ದೊಡ್ಡ ಕೊರತೆಯೂ ಇದೆ. ಗ್ರಾಹಕರ ದೂರನ್ನು 48 ಗಂಟೆಯಲ್ಲಿ ಸ್ವೀಕರಿಸಿ ಒಂದು ತಿಂಗಳಲ್ಲಿ ಪರಿಹರಿಸಬೇಕು ಎಂದು ಇ-ಕಾಮರ್ಸ್ ನಿಯಮ ಹೇಳುತ್ತದೆ, ಮಾರುವವರ ದೂರಿಗೆ ಅಂಥ ಗಡುವು ಅದರಲ್ಲಿ ಇಲ್ಲ. ಅವರಿಗೆ ಇರುವುದು 5ನೇ ನಿಯಮದ ಒಂದು ಹಿಡಿಕೆ: ಮಾರಾಟಗಾರರೊಂದಿಗಿನ ಸಂಬಂಧದ ಷರತ್ತುಗಳನ್ನೂ, ಒಂದೇ ವರ್ಗದ ಮಾರಾಟಗಾರರ ನಡುವೆ ತೋರುವ ಭೇದವನ್ನೂ ಮಾರ್ಕೆಟ್‌ಪ್ಲೇಸ್ ತೆರೆದಿಡಬೇಕು. ಮಾರಾಟಗಾರರ ನಡುವೆ ಭೇದ ಮಾಡಲಾಗುತ್ತಿದೆ ಎಂಬ ದೂರಿನ ಮೇಲೆ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ಅಮೆಜಾನ್, ಫ್ಲಿಪ್‌ಕಾರ್ಟ್ ವಿರುದ್ಧ ತನಿಖೆಗೆ ಆದೇಶಿಸಿತು. ಎರಡೂ ಕಂಪನಿ ಕರ್ನಾಟಕ ಹೈಕೋರ್ಟಿಗೆ ಹೋದವು. 2021ರ ಜೂನ್‌ನಲ್ಲಿ ಏಕಸದಸ್ಯ ಪೀಠ, ಜುಲೈನಲ್ಲಿ ವಿಭಾಗೀಯ ಪೀಠ ಅವರ ವಾದ ತಳ್ಳಿಹಾಕಿದವು. ಸ್ಪರ್ಧಾ ಆಯೋಗ ನೋಡುವುದು ಇಡೀ ಮಾರುಕಟ್ಟೆಗೆ ಆದ ಹಾನಿಯನ್ನು, ನಿಮ್ಮ ಒಂದು ಸೆಟಲ್‌ಮೆಂಟ್ ಅನ್ನು ಅಲ್ಲ. ಆದರೆ ಒಂದೇ ಬಗೆಯ ಕಡಿತ ಅನುಭವಿಸಿದವರು ಸಂಘವಾಗಿ ದಾಖಲೆ ಸೇರಿಸಿದರೆ ಅಲ್ಲಿಗೂ ದಾರಿ ಇದೆ.

ವಕೀಲರ ಫೀಸಿಗೆ ಹೆದರಿ ಕೂತವರಿಗೆ: ಮಹಿಳೆಯರು ಮತ್ತು ಪರಿಶಿಷ್ಟ ಜಾತಿ, ಪಂಗಡದವರು ವರಮಾನ ಎಷ್ಟಿದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಮನೆಯಲ್ಲೇ ಕೂತು ಸೀರೆ, ಹಪ್ಪಳ, ಆಭರಣ ಆನ್‌ಲೈನಿನಲ್ಲಿ ಮಾರುವ ಹೆಣ್ಣುಮಕ್ಕಳಿಗೂ ಇದು ಅನ್ವಯ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ, ಅಥವಾ 15100ಕ್ಕೆ ಕರೆ ಮಾಡಿ. ಹೋಗುವಾಗ ಒಪ್ಪಂದದ ಪ್ರತಿ, ಸೆಟಲ್‌ಮೆಂಟ್ ಪಟ್ಟಿ, ಟಿಕೆಟ್‌ಗಳ ಉತ್ತರ ಮತ್ತು ಮೂಲ ವಿಡಿಯೊ ಇರುವ ಫೋನ್ ಜೊತೆಗಿರಲಿ.