ಮೊದಲ ಪ್ಲಗ್-ಇನ್‌ಗೆ ಯಾವ ಬಿಲ್ಡ್ ಟೂಲ್?

ಕಾಮರ್ಸ್‌ನವರಿಗೆ ಕೋಡಿಂಗ್ ಯಾಕೆ ಎಂದು ಸೈನ್ಸ್ ವಿಭಾಗದ ಗೆಳೆಯರು ಕೇಳುತ್ತಾರೆ. ನನಗೆ ಬೇಕಿದ್ದದ್ದು ಸಣ್ಣ ಕೆಲಸ. ವಿಎಸ್ ಕೋಡ್ ಎಡಿಟರ್‌ನಲ್ಲಿ 1250000 ಎಂಬುದನ್ನು ಸೆಲೆಕ್ಟ್ ಮಾಡಿ ಒಂದು ಕಮಾಂಡ್ ಕೊಟ್ಟರೆ ಅದು 12,50,000 ಆಗಬೇಕು. ನಮ್ಮ ಮನೆಯಲ್ಲಿ ಅಬ್ಬಾ ಲೆಕ್ಕ ಹೇಳುವುದು ಲಾಖ್‌ಗಳಲ್ಲಿ, ಮಿಲಿಯನ್‌ಗಳಲ್ಲಿ ಅಲ್ಲ. ಎಡಿಟರ್‌ಗೆ ಹೀಗೆ ಹೊಸ ಕೆಲಸ ಕಲಿಸುವ ಪುಟ್ಟ ಪ್ರೋಗ್ರಾಂ ಪ್ಲಗ್-ಇನ್. ವಿಎಸ್ ಕೋಡ್‌ನಲ್ಲಿ ಅದರ ಹೆಸರು ಎಕ್ಸ್‌ಟೆನ್ಶನ್.

ನೋಡ್ ಜೆಎಸ್ ಹಾಕಿಕೊಂಡು 'ಯೋ ಕೋಡ್' ಎಂಬ ಜನರೇಟರ್ ಓಡಿಸಿ ಟೈಪ್‌ಸ್ಕ್ರಿಪ್ಟ್ ಆರಿಸಿದರೆ, ಅದು ಯಾವ ಬಂಡ್ಲರ್ ಬೇಕು ಎಂದು ಕೇಳುತ್ತದೆ: ಅನ್‌ಬಂಡಲ್ಡ್, ವೆಬ್‌ಪ್ಯಾಕ್, ಇಎಸ್‌ಬಿಲ್ಡ್. ಹೊಸಬರು ಇಲ್ಲಿ ಗಲಿಬಿಲಿಯಾಗುತ್ತಾರೆ.

ಮೊದಲ ಪ್ಲಗ್-ಇನ್‌ಗೆ ಅನ್‌ಬಂಡಲ್ಡ್ ಸಾಕು ಎಂಬುದು ನನ್ನ ಅಭಿಪ್ರಾಯ. ಬಂಡ್ಲರ್ ಮಾಡುವುದು ಹಲವು ಫೈಲುಗಳನ್ನು ಒಂದೇ ಫೈಲಾಗಿ ಕಟ್ಟುವ ಕೆಲಸ. ನನ್ನದು ಇರುವುದೇ ಒಂದು ಫೈಲು, ಕಟ್ಟುವುದೇನನ್ನು? ಟೈಪ್‌ಸ್ಕ್ರಿಪ್ಟನ್ನು ಜಾವಾಸ್ಕ್ರಿಪ್ಟ್‌ಗೆ ಬದಲಿಸಲು ಟಿಎಸ್‌ಸಿ ಎಂಬ ಕಂಪೈಲರ್ ಒಂದೇ ಸಾಕು.

ಟಿಎಸ್‌ಸಿಯಿಂದ ಇನ್ನೊಂದು ಲಾಭವೂ ಇದೆ. ನಾವು ಸೆಲೆಕ್ಟ್ ಮಾಡಿದ 1250000 ನಮ್ಮ ಕಣ್ಣಿಗೆ ಸಂಖ್ಯೆ, ಪ್ರೋಗ್ರಾಂಗೆ ಅದು ಬರೀ ಅಕ್ಷರಗಳ ಸಾಲು, ಅಂದರೆ ಸ್ಟ್ರಿಂಗ್. ಸ್ಟ್ರಿಂಗ್ ಮೇಲೆಯೇ 'ಟುಲೊಕೇಲ್‌ಸ್ಟ್ರಿಂಗ್' ಎಂಬ ಫಂಕ್ಷನ್‌ಗೆ 'ಎನ್-ಐಎನ್' ಕೊಟ್ಟು ಕರೆದರೆ ಜಾವಾಸ್ಕ್ರಿಪ್ಟ್ ತಕರಾರು ಮಾಡುವುದಿಲ್ಲ, ಅಲ್ಪವಿರಾಮವನ್ನೂ ಹಾಕುವುದಿಲ್ಲ. 1250000 ಇದ್ದ ಹಾಗೆಯೇ ವಾಪಸ್ ಬರುತ್ತದೆ. ಟಿಎಸ್‌ಸಿ ಆ ಸಾಲಿನಲ್ಲೇ ಎರರ್ ತೋರಿಸುತ್ತದೆ. ಮೊದಲು 'ನಂಬರ್' ಮೂಲಕ ಸಂಖ್ಯೆಯಾಗಿಸಿದರೆ 12,50,000 ಸಿಗುತ್ತದೆ. ಇಎಸ್‌ಬಿಲ್ಡ್ ಗೋ ಭಾಷೆಯಲ್ಲಿ ಬರೆದದ್ದು, ಬಹಳ ವೇಗ, ಆದರೆ ಟೈಪ್‌ಗಳನ್ನು ತಪಾಸಣೆ ಮಾಡದೆ ಅಳಿಸಿ ಮುಂದೆ ಹೋಗುತ್ತದೆ. ಅದಕ್ಕೇ ಜನರೇಟರ್ ಕೊಡುವ ಇಎಸ್‌ಬಿಲ್ಡ್ ಮಾದರಿಯಲ್ಲೂ ತಪಾಸಣೆಗೆ ಟಿಎಸ್‌ಸಿಯನ್ನೇ ಇಟ್ಟಿದ್ದಾರೆ. ಅಕೌಂಟೆಂಟ್ ಎಷ್ಟೇ ಚುರುಕಾಗಿದ್ದರೂ ಆಡಿಟರ್ ಬೇಕಲ್ಲ, ಹಾಗೆ.

ಮುಂದೆ ಬೇರೆಯವರ ಪ್ಯಾಕೇಜುಗಳನ್ನು ಸೇರಿಸಿದಾಗ ನೂರಾರು ಫೈಲುಗಳಾಗಿ ಪ್ಲಗ್-ಇನ್ ತೆರೆಯುವುದು ನಿಧಾನವಾಗಬಹುದು. ಬ್ರೌಸರ್‌ನಲ್ಲಿ ಓಡುವ ವಿಎಸ್ ಕೋಡ್‌ಗಂತೂ ಒಂದೇ ಫೈಲು ಬೇಕು. ಆಗ ಬಂಡ್ಲರ್ ತನ್ನಿ. ನಾನಾದರೆ ಇಎಸ್‌ಬಿಲ್ಡ್ ಆರಿಸುತ್ತೇನೆ, ವೆಬ್‌ಪ್ಯಾಕ್‌ಗೆ ಸೆಟ್ಟಿಂಗ್ ಬರೆಯುವುದು ಹೆಚ್ಚು. ಯಾವುದಾದರೂ 'ವಿಎಸ್‌ಕೋಡ್' ಎಂಬ ಮಾಡ್ಯೂಲನ್ನು ಎಕ್ಸ್‌ಟರ್ನಲ್ ಎಂದು ಗುರುತಿಸಿ. ಅದನ್ನು ಎಡಿಟರೇ ಒದಗಿಸುತ್ತದೆ.

ಎಫ್5 ಒತ್ತಿದರೆ ಪರೀಕ್ಷೆಗೆ ಇನ್ನೊಂದು ಕಿಟಕಿ ತೆರೆಯುತ್ತದೆ. ಎಲ್ಲ ಸರಿಯಿದ್ದರೆ 'ವಿಎಸ್‌ಸಿಇ ಪ್ಯಾಕೇಜ್' ಎಂಬ ಕಮಾಂಡ್ ಒಂದು ವಿಎಸ್‌ಐಎಕ್ಸ್ ಫೈಲ್ ಮಾಡಿಕೊಡುತ್ತದೆ. ಅದನ್ನು ಹಾಕಿಕೊಳ್ಳಲು ಇಂಟರ್ನೆಟ್ ಬೇಕಿಲ್ಲ. ನನ್ನದು ಪೆನ್‌ಡ್ರೈವ್‌ನಲ್ಲಿದೆ, ಬೇಕಾದವರು ಲ್ಯಾಬ್ ಪೀರಿಯಡ್‌ನಲ್ಲಿ ಕೇಳಿ.